ಹೆಸರು ಮುಚ್ಚಿ ನೋಡಿದ ರುಚಿ

ನಾನು ಏಳನೇ ಇಯತ್ತೆ ಕಲಿತವ. ದ್ರಾಕ್ಷಿ ಬಳ್ಳಿ ಕಟ್ಟೂದು, ಡೊಳ್ಳಿನ ಪದ ಹಾಡೂದು, ಇವೆರಡು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ವಾಚನಾಲಯದ ಹುಡುಗರು "ಕಾಕಾ, ನೀವೂ ಒಂದು ಲೇಖನ ಬರೀರಿ" ಅಂದರು. ಬಹಳ ದಿನದಿಂದ ಒಂದು ಪ್ರಶ್ನೆ ನನ್ನನ್ನು ಕೊರೀತಾ ಇದೆ, ಅದನ್ನೇ ಬರೀತೀನಿ. ನಾವು ಒಂದನ್ನು ಛಲೋ ಅಂತ ಹೇಳುವಾಗ ನಮ್ಮ ನಾಲಿಗೆ ಹೇಳತದೋ, ಅದರ ಹೆಸರು ಹೇಳಸತದೋ?

ನನ್ನ ತಂಗಿಯ ಮಗ ನಾಸಿಕದ ಕಡೆ ಒಂದು ವೈನ್ ಕಾರಖಾನೆಯಲ್ಲಿ ಇದ್ದಾನೆ. ಅಲ್ಲಿಯ ತೋಟ ನೋಡಲು ಹೋದಾಗ ಒಂದು ಸಂಜೆ ಅವನ ಗೆಳೆಯರು ಹತ್ತು ಮಂದಿ ಕೂಡಿದ್ದರು. ಎಲ್ಲರೂ ವೈನಿನ ಹುಚ್ಚಿನವರೇ. ಯುರೋಪಿನ ಐದು ಬಾಟಲಿ ತರಿಸಿದ್ದರು: ಫ್ರಾನ್ಸಿನ ಬೋರ್ಡೊ, ಬರ್ಗಂಡಿ, ಇಟಲಿಯ ಕಿಯಾಂಟಿ, ಸ್ಪೇನಿನ ರಿಯೋಹಾ, ಜರ್ಮನಿಯ ಮೋಸೆಲ್ ಹೊಳಿ ದಂಡೆಯ ಬಿಳಿ ವೈನ್. ಎಲ್ಲಕ್ಕೂ ಕಾಗದ ಸುತ್ತಿ ನಂಬರ್ ಹಾಕಬೇಕಾಗಿತ್ತು.

"ಮಾಮಾ, ನೀವು ಹೆಂಗೂ ಕುಡಿಯೂದಿಲ್ಲ. ಕಾಗದ ಸುತ್ತೂದು, ಸುರಿಯೂದು ನಿಮ್ಮ ಕೆಲಸ. ಯಾವ ನಂಬರಿಗೆ ಯಾವ ಬಾಟಲಿ ಅನ್ನೂದು ನಿಮಗೊಬ್ಬರಿಗೇ ಗೊತ್ತಿರಲಿ" ಅಂದ.

ಅವರು ಗ್ಲಾಸನ್ನು ಬೆಳಕಿಗೆ ಹಿಡಿದರು, ತಿರುವಿದರು, ಮೂಸಿದರು, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೀಟಿನಲ್ಲಿ ಉಗುಳಿದರು. ಅಷ್ಟು ರೊಕ್ಕ ಕೊಟ್ಟು ತಂದದ್ದನ್ನು ಉಗುಳೂದು ನೋಡಿ ನನಗೆ ನಗು ಬಂತು. "ನುಂಗಿದರೆ ಅಮಲೇರತದ, ಪಾರಖ ಕೆಡತದ" ಅಂದ ಅಳಿಯ. ಆ ಮಾತು ನನಗೆ ಹಿಡಿಸಿತು. ನಾನು ಕುಡಿಯಲಿಲ್ಲ, ಮೂಸಿ ಮಾತ್ರ ನೋಡಿದೆ. ಮೋಸೆಲಿನದಕ್ಕೆ ನಿಂಬಿ ಸಿಪ್ಪೆಯ ವಾಸನೆ ಇತ್ತು, ಮೊದಲ ಮಳೆ ಬಿದ್ದ ಕಲ್ಲಿನ ವಾಸನೆಯೂ ಇತ್ತು.

ಒಬ್ಬ ಹಿರಿಯರು ಮೂರನೇ ನಂಬರನ್ನು "ಬರೇ ಹುಣಸಿ ನೀರು" ಅಂತ ತಳಕ್ಕೆ ಹಾಕಿದರು. ಕಾಗದ ಬಿಚ್ಚಿದಾಗ ಅದು ಬೋರ್ಡೊ. ಅವರು ಗ್ಲಾಸು ಮತ್ತೆ ಎತ್ತಿ, "ಗಾಳಿ ಬಿದ್ದ ಮ್ಯಾಲೆ ಈಗ ಅರಳೇದ ನೋಡ್ರಿ" ಅಂದರು. ಒಬ್ಬ ಹೆಣ್ಣುಮಗಳು ಕೂಡ ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದಳು. ಅವಳು, "ಹೆಸರು ದೊಡ್ಡದು ಖರೆ, ನನಗ ಹಿಡಿಸಲಿಲ್ಲ. ಇನ್ನೊಮ್ಮೆ ಮುಚ್ಚಿ ಕೊಡ್ರಿ, ನೋಡತೀನಿ" ಅಂದಳು.

ಹಿರಿಯರು ಸುಳ್ಳು ಹೇಳಿದರು ಅಂತ ನಾನು ಅನ್ನಲಾರೆ. ಗಾಳಿ ಬಿದ್ದರೆ ವೈನ್ ಅರಳೂದು ಖರೆ. ಆದರೆ ಗಾಳಿ ಐದೂ ಗ್ಲಾಸಿಗೆ ಬಿದ್ದಿತ್ತು, ಅರಳಿದ್ದು ದೊಡ್ಡ ಹೆಸರಿನದು ಒಂದೇ.

ಅಳಿಯ ಆಮೇಲೆ ಒಂದು ಸಂಗತಿ ಹೇಳಿದ. ಪ್ಯಾರಿಸ್ಸಿನಲ್ಲಿ ಅಂಗಡಿ ಇಟ್ಟಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ 1976ರ ಮೇ 24ರಂದು ಹೀಗೇ ಹೆಸರು ಮುಚ್ಚಿ ವೈನ್ ಸುರಿಸಿದ. ಅಂಕ ಕೊಟ್ಟವರು ಫ್ರಾನ್ಸಿನ ಒಂಬತ್ತು ಮಂದಿ ಪಾರಖಿಗಳು. ಕೆಂಪಿನಲ್ಲೂ ಬಿಳಿಯಲ್ಲೂ ಮೊದಲು ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ವೈನ್! ಅದೇ ಬೋರ್ಡೊದಲ್ಲಿ 1855ರಲ್ಲಿ ದಲಾಲರು ಪೇಟೆಯ ಧಾರಣೆ ನೋಡಿ ತೋಟಗಳಿಗೆ ಐದು ದರ್ಜೆ ಕಟ್ಟಿದ್ದರು. ಮೂತೋ ರೋತ್‌ಶಿಲ್ಡ್ ಎಂಬ ತೋಟ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಲು 1973 ಬರಬೇಕಾಯಿತು. ನಡುವೆ 118 ವರ್ಷ, ಎಷ್ಟು ತಲೆಮಾರು ದುಡಿದು ಸತ್ತವು!

ಇದನ್ನು ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ವೈನ್ ಅಲ್ಲ. ಹಿಂದೆ ಒಂದು ಜಾತ್ರೆಯಲ್ಲಿ ಹರದೇಶಿ-ನಾಗೇಶಿ ವಾದಕ್ಕೆ ನನ್ನನ್ನು ಪಂಚನಾಗಿ ಕೂಡಿಸಿದ್ದರು. ಒಂದು ಕಡೆ ಹೆಸರಾಂತ ಮೇಳ, ಇನ್ನೊಂದು ಕಡೆ ಕುರಿ ಕಾಯುವ ಹುಡುಗ. ಹುಡುಗನ ದನಿ ಕೇಳಿ ನನ್ನ ಮೈಮೇಲೆ ಮುಳ್ಳು ಎದ್ದವು, ಸವಾಲಿಗೆ ಜವಾಬೂ ಸರಿಯಾಗಿತ್ತು. ಆದರೂ ಬೆಳ್ಳಿ ಕಡಗ ನಾನು ಹೆಸರಿಗೆ ಕೊಟ್ಟೆ. ಹಿರಿಯರ ಮರ್ಯಾದೆ ಕಾಯ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ವೈನ್ ಉಗುಳಿದವರು ಅಮಲಿಗೆ ಅಂಜಿದರು. ನಾನು ಒಂದು ಹನಿ ಕುಡಿಯದವ, ಹೆಸರಿನ ಅಮಲಿನಲ್ಲಿ ತೀರ್ಪು ಕೊಟ್ಟೆ. ಆ ಹುಡುಗ ಹಾಡೂದು ಬಿಟ್ಟ.

ಹಾಗಂತ ಹೆಸರು ಬರೇ ಪೊಳ್ಳೇನು? ಅಲ್ಲ. ಹೆಸರು ಅಂದರೆ ಹಿಂದಿನವರ ಬೆವರು. ತಾಸಗಾಂವ ಪೇಟೆಯಲ್ಲಿ ನಮ್ಮೂರ ಬೇದಾಣಿ ಅಂದಾಗ ಸವಾಲು ಏರಿದರೆ ನನಗೂ ಖುಷಿ. ಆದರೆ ಹೆಸರಿನ ಬುಡ ಕೆದರಿ ನೋಡಬೇಕು. 1860ರ ದಶಕದಿಂದ ಫ್ರಾನ್ಸಿನ ಬಳ್ಳಿಗಳ ಬೇರನ್ನು ಫಿಲಾಕ್ಸೆರಾ ಎಂಬ ಹೇನು ತಿಂದಿತು. ಕಡೆಗೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿ ಅವನ್ನು ಉಳಿಸಿದರು. ನಮ್ಮ ತೋಟದ ಡಾಗ್ರಿಜ್ ಬೇರೂ ಅಮೆರಿಕದ್ದೇ. ಮೇಲೆ ಹೆಸರು ನಮ್ಮದು, ಕೆಳಗೆ ಭಾರ ಹೊತ್ತ ಬೇರು ಹೆಸರಿಲ್ಲದವರದು.

ಅದಕ್ಕೆ ನನಗೆ ಆ ಹೆಣ್ಣುಮಗಳ ಮಾತೇ ಸರಿ ಕಾಣಸತದ. ಅವಳು ಹೆಸರಿಗೆ ಬಾಗಲಿಲ್ಲ, ತನ್ನ ನಾಲಿಗೆಯೇ ದೊಡ್ಡದು ಅಂತಲೂ ಬೀಗಲಿಲ್ಲ. ಇನ್ನೊಮ್ಮೆ ಮುಚ್ಚಿ ಕೊಡ್ರಿ ಅಂದಳು. ಈಗ ಯಾರಾದರೂ ನನ್ನನ್ನು ಪಂಚನಾಗಿ ಕರೆದರೆ ಹಾಡುವವರಿಗೆ ಬೆನ್ನು ಮಾಡಿ ಕೂಡತೀನಿ. ಮಂದಿ ನಗತಾರ, ನಗಲಿ.

ಆ ಹುಡುಗ ಈಗ ಟೆಂಪೊ ಹೊಡೀತಾನ. ಎದುರಿಗೆ ಬಂದರೆ ಇವತ್ತಿಗೂ "ನಮಸ್ಕಾರ್ರಿ ಗುರುಗಳ" ಅಂತಾನ. ನನಗೆ ತಲೆ ಎತ್ತಲಿಕ್ಕೆ ಆಗೂದಿಲ್ಲ. ಈ ಪುಸ್ತಕ ಅಚ್ಚಾದ ಮೇಲೆ ಮೊದಲ ಪ್ರತಿ ಅವನ ಮನೆಗೆ ಒಯ್ದು, ಈ ಪುಟ ನಾನೇ ಓದಿ ಹೇಳಬೇಕು.