ವಿಸರ್ಜನೆಯಿಲ್ಲದ ದರ್ಶನ

1987ರ ಜನವರಿ 25ರ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ರಮಾನಂದ ಸಾಗರ್ ಅವರ ‘ರಾಮಾಯಣ’ ಶುರುವಾಯಿತು. ಮರುವರ್ಷದ ಜುಲೈ 31ರವರೆಗೆ 78 ಕಂತುಗಳು ಬಂದವು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂದಿತ್ತು, ಆಮೇಲಿನ ಎರಡು ಮೂರು ವರ್ಷಗಳಲ್ಲಿ ಸಣ್ಣ ಸಣ್ಣ ಪಟ್ಟಣಗಳಲ್ಲೂ ಪ್ರಸಾರ ಗೋಪುರಗಳು ಎದ್ದಿದ್ದವು, ಮತ್ತು ಹೆಚ್ಚಿನ ಊರುಗಳಿಗೆ ಇದ್ದದ್ದು ಒಂದೇ ವಾಹಿನಿ. ಒಂಬತ್ತೂವರೆಗೆ ಬೀದಿಗಳು ಬರಿದಾಗುತ್ತಿದ್ದವೆಂದೂ ಕರೆಂಟು ಹೋದರೆ ಜನ ವಿದ್ಯುತ್ ಕಚೇರಿಗೆ ನುಗ್ಗುತ್ತಿದ್ದರೆಂದೂ ಆ ಕಾಲದ ಪತ್ರಿಕೆಗಳು ವರದಿ ಮಾಡಿವೆ. ಅದಕ್ಕಿಂತ ಆಳವಾಗಿ ಯೋಚಿಸಬೇಕಾದ ಸಂಗತಿ ಮನೆಗಳ ಒಳಗೆ ನಡೆದದ್ದು. ಜನ ಮಿಂದು ಮಡಿಯುಟ್ಟು, ಚಪ್ಪಲಿಯನ್ನು ಹೊರಗೆ ಬಿಟ್ಟು, ಟಿವಿ ಪೆಟ್ಟಿಗೆಗೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಅರುಣ್ ಗೋವಿಲ್ ಎಂಬ ನಟನ ಮುಖ ತೆರೆಯ ತುಂಬ ಬಂದಾಗ ಕೈಜೋಡಿಸುತ್ತಿದ್ದರು. ತಾವು ಪಡೆಯುತ್ತಿರುವುದು ದರ್ಶನ ಎಂದು ಅವರು ನಂಬಿದ್ದರು. ಆ ನಂಬಿಕೆ ಸರಿಯೇ? ಭಾರತದ ಟೆಲಿವಿಷನ್ ಚರಿತ್ರೆಯಲ್ಲಿ ಆ ವರ್ಷ ಎತ್ತಿದಷ್ಟು ಗಂಭೀರವಾದ ಧಾರ್ಮಿಕ ಪ್ರಶ್ನೆಯನ್ನು ಬೇರೆ ಯಾವ ವರ್ಷವೂ ಎತ್ತಿಲ್ಲ. ಅದಕ್ಕೆ ಸಿಕ್ಕ ಉತ್ತರಗಳು ಮಾತ್ರ ಬಹುಪಾಲು ಅವಸರದವು.

ಓದಿದವರಲ್ಲಿ ಹಲವರು ನಕ್ಕರು. ಗಾಜಿನ ಹಿಂದೆ ಓಡುವ ಬೆಳಕಿನ ಚುಕ್ಕಿಗಳಿಗೆ ಆರತಿ ಎತ್ತುವುದು ಮೌಢ್ಯವಲ್ಲದೆ ಮತ್ತೇನು ಎಂದರು. ಈ ಆಕ್ಷೇಪ ನನಗೆ ದುರ್ಬಲವಾಗಿ ಕಾಣುತ್ತದೆ. ಪೂಜೆಯ ವಸ್ತು ಯಾವುದರಿಂದ ಆಗಿದೆ ಎಂಬುದರ ಮೇಲೆ ನಮ್ಮ ಪೂಜಾಪದ್ಧತಿ ಎಂದೂ ನಿಂತಿಲ್ಲ. ಯಾವುದೇ ವ್ರತದ ಆರಂಭದಲ್ಲಿ ವೀಳ್ಯದೆಲೆಯ ಮೇಲೆ ಅರಿಶಿನದ ಉಂಡೆಯನ್ನಿಟ್ಟು ಗಣಪತಿಯೆಂದು ಕೂರಿಸುತ್ತಾರೆ. ಆವಾಹನೆಗೆ ಮೊದಲು ಅದು ಅಡುಗೆಮನೆಯ ಅರಿಶಿನ, ವಿಸರ್ಜನೆಯ ನಂತರ ಮತ್ತೆ ಅರಿಶಿನ. ಚೌತಿಯ ಮಣ್ಣಿನ ಮೂರ್ತಿಯೂ ಹಾಗೆಯೇ. ಒಂದು ದಿನವೋ ಮೂರು ದಿನವೋ ಅದರ ಎದುರು ಅಡ್ಡಬಿದ್ದವರೇ ಅದನ್ನು ಎತ್ತಿಕೊಂಡು ಹೋಗಿ ಬಾವಿಗೋ ಕೆರೆಗೋ ಬಿಡುತ್ತಾರೆ, ದೇವರನ್ನು ಮುಳುಗಿಸಿದೆವೆಂಬ ಪಾಪಪ್ರಜ್ಞೆ ಯಾರನ್ನೂ ಕಾಡುವುದಿಲ್ಲ. ದೇವರು ವಸ್ತುವಿನಲ್ಲಿ ಇರುವುದು ಕರೆದಾಗಿನಿಂದ ಕಳಿಸುವವರೆಗೆ. ಈ ಅಳತೆಯಲ್ಲಿ ನೋಡಿದರೆ 1987ರ ಮನೆಮನೆಗಳಲ್ಲಿ ನಡೆದದ್ದು ಪೂರ್ತಿ ಕ್ರಮಬದ್ಧ. ಕಂತು ಮುಗಿದ ಮೇಲೆ ಅದೇ ಪೆಟ್ಟಿಗೆಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು, ಸಂಜೆ ಸಿನಿಮಾ, ರಾತ್ರಿ ವಾರ್ತೆ. ವಾರ್ತೆ ಓದುವವರಿಗೆ ಯಾರೂ ಆರತಿ ಎತ್ತಲಿಲ್ಲ. ವಾರಕ್ಕೊಮ್ಮೆ ಆ ಪೆಟ್ಟಿಗೆಗೆ ದೇವರನ್ನು ಬರಮಾಡಿಕೊಂಡು, ಕಂತು ಮುಗಿದೊಡನೆ ಬೀಳ್ಕೊಟ್ಟವರು ತಮ್ಮ ಕೆಲಸವೇನೆಂದು ಸ್ಪಷ್ಟವಾಗಿ ಬಲ್ಲವರು.

ಅವರು ನೋಡಿದ್ದು ಬರಿಯ ಕಥೆಯನ್ನಲ್ಲ ಎನ್ನುವುದಕ್ಕೆ ಕರ್ನಾಟಕವೇ ಒಂದು ಸಾಕ್ಷಿ. ಧಾರಾವಾಹಿ ಇದ್ದದ್ದು ಹಿಂದಿಯಲ್ಲಿ, ಅದೂ ಸಂಸ್ಕೃತ ಬೆರೆತ ಗ್ರಾಂಥಿಕ ಹಿಂದಿಯಲ್ಲಿ. ಹಿಂದಿ ಬಾರದ ಲಕ್ಷಾಂತರ ಕನ್ನಡಿಗರು ಭಾನುವಾರಗಳನ್ನು ತಪ್ಪಿಸಲಿಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕಾಡಿಗೆ ಹೋಗುತ್ತಾರೆ, ಸೀತೆಯನ್ನು ರಾವಣ ಒಯ್ಯುತ್ತಾನೆ, ಸೇತುವೆ ಕಟ್ಟುತ್ತಾರೆ ಎಂಬುದು ಮಕ್ಕಳಿಗೂ ಗೊತ್ತು. ಸಾಗರ್ ಅವರ ಕ್ಯಾಮೆರಾಕ್ಕೂ ಇದು ಗೊತ್ತಿತ್ತು. ಕಥೆಯನ್ನು ಮುಂದಕ್ಕೆ ಓಡಿಸುವ ಬದಲು ಅದು ಮುಖದ ಮೇಲೆ ನಿಲ್ಲುತ್ತಿತ್ತು, ನೋಡುವವರ ಕಣ್ಣಿಗೆ ಕಣ್ಣು ಕೂಡುವಂತೆ ಎದುರುಮುಖವಾಗಿ, ಬಹಳ ಹೊತ್ತು. ನಿಧಾನ ಎಂದು ವಿಮರ್ಶಕರು ಬೇಸರಿಸಿದ್ದು ಈ ನಿಲುಗಡೆಯನ್ನೇ. ಗರ್ಭಗುಡಿಯ ತೆರೆ ಸರಿದಾಗ ಯಾರೂ ಬೇಗ ಮುಂದಿನ ದೃಶ್ಯ ಬರಲಿ ಎನ್ನುವುದಿಲ್ಲ.

ನನ್ನ ವಾದಕ್ಕೆ ಒಳಗಿನಿಂದಲೇ ಒಂದು ಗಟ್ಟಿ ಆಕ್ಷೇಪ ಬರಬಹುದು. ವಿಸರ್ಜನೆಯಿರುವುದು ಉತ್ಸವದ ಮಣ್ಣಿನ ಮೂರ್ತಿಗೆ, ಗುಡಿಯ ಮೂಲವಿಗ್ರಹಕ್ಕಲ್ಲ. ಶರಣರ ಇಷ್ಟಲಿಂಗವನ್ನಂತೂ ಕಟ್ಟಿಕೊಂಡ ಮೇಲೆ ಬಿಚ್ಚಿ ಇಡುವ ಮಾತೇ ಇಲ್ಲ. ಹಾಗಿರುವಾಗ ಉಳಿಯುವ ರೂಪ, ಅಳಿಯುವ ರೂಪ ಎಂದು ಭೇದವೇಕೆ? ಮಾತು ನಿಜ. ಉಳಿಯುವ ರೂಪಗಳಿಗೂ ನಮ್ಮಲ್ಲಿ ಎಲ್ಲೆಗಳಿವೆ ಎಂಬುದೂ ಅಷ್ಟೇ ನಿಜ. ಮೂಲವಿಗ್ರಹ ಒಂದು ನೆಲಕ್ಕೆ ಬದ್ಧವಾದದ್ದು. ಬೆಳಗ್ಗೆ ಅದನ್ನು ಎಬ್ಬಿಸಬೇಕು, ರಾತ್ರಿ ಶಯನ ಮಾಡಿಸಿ ಬಾಗಿಲು ಹಾಕಬೇಕು. ಜೀರ್ಣೋದ್ಧಾರದ ಕಾಲಕ್ಕೆ ಅದರ ಶಕ್ತಿಯನ್ನು ಕಲಶಕ್ಕೆ ಇಳಿಸಿ ಆಮೇಲೆ ಮತ್ತೆ ಪ್ರತಿಷ್ಠೆ ಮಾಡಬೇಕು. ಪಕ್ಕದ ಊರಿನ ರಾಮನ ಮುಖ ಬೇರೆ, ಅವನ ಅಲಂಕಾರ ಬೇರೆ, ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಇಷ್ಟಲಿಂಗ ಒಬ್ಬ ವ್ಯಕ್ತಿಯದು, ಆ ದೇಹದೊಡನೆಯೇ ಮಣ್ಣಿಗೆ ಹೋಗುತ್ತದೆ. ಕಾಲ, ನೆಲ, ದೇಹ, ಈ ಮೂರರಲ್ಲಿ ಒಂದಾದರೂ ಎಲ್ಲೆ ಹಾಕದೆ ನಮ್ಮ ಪರಂಪರೆ ಅನಂತವನ್ನು ಒಂದು ರೂಪದಲ್ಲಿ ಕೂರಿಸಿಲ್ಲ. 1987ರ ಪ್ರಸಾರಕ್ಕೆ ನೆಲದ ಎಲ್ಲೆ ಇರಲಿಲ್ಲ, ದೇಹದ ಎಲ್ಲೆಯೂ ಇರಲಿಲ್ಲ, ಇದ್ದದ್ದು ಕಾಲದ್ದೊಂದೇ. ಜನ ಆ ಒಂದನ್ನು ಗೌರವದಿಂದ ಪಾಲಿಸಿದರು. ಪಾಲಿಸದೆ ಹೋದವರು ಆ ರೂಪವನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡವರು.

ವಾರಾಣಸಿಯ ಎದುರುದಡದ ರಾಮನಗರದ ರಾಮಲೀಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸುಮಾರು ಒಂದು ತಿಂಗಳು ನಡೆಯುವ ಆ ಲೀಲೆಯಲ್ಲಿ ದನಿ ಒಡೆಯದ ಹುಡುಗರು ರಾಮ, ಸೀತೆ, ಲಕ್ಷ್ಮಣರಾಗುತ್ತಾರೆ. ಅವರನ್ನು ಸ್ವರೂಪಗಳು ಎನ್ನುತ್ತಾರೆ, ಪ್ರತಿರಾತ್ರಿ ಆರತಿಯಾಗುತ್ತದೆ, ಹಿರಿಯರೂ ಪಾದ ಮುಟ್ಟುತ್ತಾರೆ. ಲೀಲೆ ಮುಗಿದ ಮೇಲೆ ಅವರು ಶಾಲೆಗೆ ಹೋಗುವ ಹುಡುಗರು, ದನಿ ಒಡೆದ ವರ್ಷ ಪಾತ್ರ ಬೇರೆಯವರದು. ನಮ್ಮ ಯಕ್ಷಗಾನದಲ್ಲಿಯೂ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ವೇಷ ರಂಗಸ್ಥಳಕ್ಕೆ ಬರುವುದಿಲ್ಲ. ಬೆಳಗಿನ ಮಂಗಳವಾದ ಮೇಲೆ ಕಿರೀಟ ಇಳಿಯುತ್ತದೆ, ಬಣ್ಣ ಒರೆಸಿಕೊಂಡವರು ಚಹಾ ಕುಡಿಯಲು ಹೋಗುತ್ತಾರೆ. ಟೇಪಿನಲ್ಲಿ ದಾಖಲಾದ ರಾಮನಿಗೆ ಕಿರೀಟ ಇಳಿಸುವ ಕ್ಷಣ ಬರಲೇ ಇಲ್ಲ. ಧಾರಾವಾಹಿ ಇನ್ನೂ ನಡೆಯುತ್ತಿದ್ದ 1988ರಲ್ಲಿ ಅಲಹಾಬಾದ್ ಉಪಚುನಾವಣೆಯಲ್ಲಿ ಅರುಣ್ ಗೋವಿಲ್ ಕಾಂಗ್ರೆಸ್ ಪರ ಪ್ರಚಾರಕ್ಕೆ ಇಳಿದರು. ಅಲ್ಲಿ ವಿ.ಪಿ. ಸಿಂಗ್ ಗೆದ್ದರು, ಅಂದರೆ ಪೂಜಿಸಿದ ಜನರೇ ಮತ ಹಾಕುವಾಗ ರಾಮನನ್ನೂ ನಟನನ್ನೂ ಬೇರ್ಪಡಿಸಿದರು. ಆದರೂ ಪಕ್ಷಗಳ ಆಸೆ ಆರಲಿಲ್ಲ. 1991ರಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ಬರೋಡಾದಿಂದ, ರಾವಣನಾಗಿದ್ದ ಅರವಿಂದ ತ್ರಿವೇದಿ ಸಾಬರಕಾಂಠಾದಿಂದ ಬಿಜೆಪಿ ಸಂಸದರಾದರು. ಗೋವಿಲ್ ಅದೇ ಪಕ್ಷದಿಂದ ಮೀರತ್‌ನಲ್ಲಿ ಗೆದ್ದದ್ದು 2024ರಲ್ಲಿ. ಕೋವಿಡ್ ಕಾಲದಲ್ಲಿ ಗುಡಿಗಳ ಬಾಗಿಲು ಮುಚ್ಚಿದ್ದಾಗ, 2020ರ ಮಾರ್ಚ್ 28ರಿಂದ ಸರ್ಕಾರಿ ವಾಹಿನಿ ಅದೇ ಕಂತುಗಳನ್ನು ಮತ್ತೆ ತೋರಿಸಿತು. 33 ವರ್ಷಗಳ ನಂತರವೂ ದೇಶಕ್ಕೆಲ್ಲ ಅದೇ ಮುಖ, ಅದೇ ಮುಗುಳ್ನಗೆ.

ಇಲ್ಲಿ ಒಂದು ಅತಿರೇಕದಿಂದ ದೂರ ನಿಲ್ಲಬೇಕು. ಅಯೋಧ್ಯೆಯ ಚಳವಳಿಗೆ ಧಾರಾವಾಹಿಯೇ ಕಾರಣ ಎಂದು ಹೇಳುವವರಿದ್ದಾರೆ. ಅಲ್ಲಿನ ವಿವಾದಿತ ಸ್ಥಳದ ಬೀಗ ತೆಗೆದದ್ದು 1986ರ ಫೆಬ್ರುವರಿಯಲ್ಲಿ, ಮೊದಲ ಕಂತಿಗೆ ಸುಮಾರು ಒಂದು ವರ್ಷ ಮುಂಚೆ. ಆ ರಾಜಕೀಯಕ್ಕೆ ಅದರದೇ ಬೇರುಗಳಿದ್ದವು. ಟೆಲಿವಿಷನ್ ಅದಕ್ಕೆ ಹೇಗೆ ನೆಲ ಹದಮಾಡಿತು ಎಂಬುದನ್ನು ಅರವಿಂದ ರಾಜಗೋಪಾಲ್ 2001ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ, ಹಾಗೆ ಹದಮಾಡುವುದು ಬೇರೆ, ಹುಟ್ಟಿಸುವುದು ಬೇರೆ. ನನ್ನ ಚಿಂತೆ ಇನ್ನೂ ಒಳಗಿನದು, ರಾಮನನ್ನು ಕಾಣುವ ನಮ್ಮ ಶಕ್ತಿಗೆ ಏನಾಯಿತು ಎಂಬುದು.

ಧಾರಾವಾಹಿಯ ಆಧಾರಗ್ರಂಥಗಳೆಂದು ಹೆಸರಿಸಲಾದವುಗಳಲ್ಲಿ ವಾಲ್ಮೀಕಿ, ತುಲಸೀದಾಸ, ಕಂಬರ ಕೃತಿಗಳ ಜೊತೆಗೆ ಕನ್ನಡದ ರಾಮಚಂದ್ರಚರಿತಪುರಾಣವೂ ಇತ್ತು. ನಾಗಚಂದ್ರನ ಆ ಜೈನಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮ ಕೊಲೆಯ ಕರ್ಮ ಅಂಟದೆ ಮೋಕ್ಷಕ್ಕೆ ಸಲ್ಲಬೇಕಾದ ಜೀವ. ಅಲ್ಲಿಯ ರಾವಣ ಕೊನೆಗೆ ಮನಸ್ಸು ತಿರುಗಿದ, ನಮ್ಮ ಮರುಕಕ್ಕೆ ಪಾತ್ರನಾಗುವ ದೊಡ್ಡ ಮನುಷ್ಯ. ಹೆಸರು ಸೇರಿತು, ದರ್ಶನ ಸೇರಲಿಲ್ಲ. ಸೀತೆಯ ಅಗ್ನಿಪ್ರವೇಶವನ್ನೇ ನೋಡಿ. ಸಾಗರ್ ತುಲಸೀದಾಸರ ಛಾಯಾಸೀತೆಯ ದಾರಿ ಹಿಡಿದರು, ಅಗ್ನಿಗೆ ಹೋಗುವವಳು ನೆರಳು, ಮರಳುವವಳು ನಿಜವಾದ ಸೀತೆ. ಭಕ್ತನ ಮನಸ್ಸಿಗೆ ಅದು ಸಮಾಧಾನ ತರುತ್ತದೆ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ ರಾಮನನ್ನೂ ಸೀತೆಯೊಡನೆ ಬೆಂಕಿಗಿಳಿಸಿದರು. ಇದು ಭಕ್ತನನ್ನು ನಡುಗಿಸುತ್ತದೆ, ಯಾಕೆಂದರೆ ಪರೀಕ್ಷೆ ಈಗ ಇಬ್ಬರದೂ. ಎರಡೂ ಭಕ್ತಿಯಿಂದ ಹುಟ್ಟಿದವೇ. ಒಂದು ಇನ್ನೊಂದರ ತಪ್ಪಲ್ಲ, ಎರಡನ್ನೂ ಬಲ್ಲವನಿಗೆ ರಾಮ ಹೆಚ್ಚು ಆಳ. ವಿಚಿತ್ರವೆಂದರೆ ಮೊದಲ ಕಂತು ಬಂದ ಮರುತಿಂಗಳು, 1987ರ ಫೆಬ್ರುವರಿಯಲ್ಲಿ, ಮೈಸೂರಿನ ಎ.ಕೆ. ರಾಮಾನುಜನ್ ಅಮೆರಿಕದ ಪಿಟ್ಸ್‌ಬರ್ಗ್‌ನ ಸಮ್ಮೇಳನವೊಂದಕ್ಕೆ ಬರೆದ ಪ್ರಬಂಧದಲ್ಲಿ ರಾಮಾಯಣಗಳ ಈ ಬಹುತ್ವವನ್ನೇ ಕುರಿತು ಹೇಳಿದ್ದರು. ರಾವಣನೇ ಗರ್ಭ ಧರಿಸಿ ಸೀತೆಯನ್ನು ಹೆರುವ ಕನ್ನಡದ ಜನಪದ ರಾಮಾಯಣ ಅದರಲ್ಲಿ ಗೌರವದ ಸ್ಥಾನ ಪಡೆದಿದೆ. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಆ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟಿತು. ಇದಕ್ಕೆ ಧಾರಾವಾಹಿಯನ್ನು ನೇರವಾಗಿ ಹೊಣೆ ಮಾಡಲಾರೆ. ಆದರೆ ಬಾಲ್ಯದಿಂದ ಒಂದೇ ಮುಖವನ್ನು ಕಂಡು ಬೆಳೆದ ಪೀಳಿಗೆಗೆ ಉಳಿದ ಮುಖಗಳು ಅಪಚಾರವಾಗಿ ಕಾಣುವುದು ಸುಲಭವಾಯಿತು ಎಂದು ನಿಸ್ಸಂಶಯವಾಗಿ ನಂಬುತ್ತೇನೆ. ರೋಮಿಲಾ ಥಾಪರ್ ಆ ದಿನಗಳಲ್ಲೇ ಈ ಏಕರೂಪದ ಅಪಾಯವನ್ನು ಗುರುತಿಸಿ ಬರೆದಿದ್ದರು. ಅವರು ಅದನ್ನು ಸಂಸ್ಕೃತಿಯ, ರಾಜ್ಯಾಧಿಕಾರದ ಪ್ರಶ್ನೆಯಾಗಿ ನೋಡಿದರು. ನನಗೆ ಅದು ಭಕ್ತಿಯ ಪ್ರಶ್ನೆಯೂ ಹೌದು, ಏಕೆಂದರೆ ಇಲ್ಲಿ ಬಡವಾಗುವುದು ಭಕ್ತನೇ.

ಹೃದಯಕ್ಕೆ ತಾಗುವ ಆಕ್ಷೇಪವೊಂದಿದೆ. ಗುಡಿಯ ಹೊಸ್ತಿಲು ದಾಟಲು ಬಿಡದೆ ಶತಮಾನಗಳಿಂದ ಹೊರಗಿಟ್ಟವರಿಗೆ ಮೊದಲ ಬಾರಿ ದೇವರು ಎದುರುಮುಖವಾಗಿ ಸಿಕ್ಕಿದ್ದು ಈ ಪೆಟ್ಟಿಗೆಯಲ್ಲಿ. ಅಲ್ಲಿ ಪೂಜಾರಿಯಿಲ್ಲ, ಪಂಕ್ತಿಭೇದವಿಲ್ಲ, ಮೈಲಿಗೆಯ ಲೆಕ್ಕವಿಲ್ಲ. ಉಡುಪಿಯಲ್ಲಿ ಕನಕನಿಗೆ ಸಿಕ್ಕದ್ದು ಒಂದು ಕಿಂಡಿ, ಇವರಿಗೆ ಸಿಕ್ಕದ್ದು ಇಡೀ ತೆರೆ. ನಾನು ಹೊಗಳಿದ ವಿಸರ್ಜನೆಗೂ ಕಪ್ಪು ಮಗ್ಗುಲಿದೆ. ತುಳುನಾಡಿನಲ್ಲಿ ರಾತ್ರಿಯಿಡೀ ದೈವವಾಗಿ ನುಡಿಕೊಟ್ಟವನ ಮುಂದೆ ಕೈಮುಗಿದು ನಿಂತ ಯಜಮಾನರು ಬೆಳಗಾದ ಮೇಲೆ ಅವನನ್ನು ಅಂಗಳದಾಚೆ ನಿಲ್ಲಿಸಿದ್ದೂ ಅದೇ ವಿಸರ್ಜನೆಯ ಹೆಸರಿನಲ್ಲಿ. ದೇವತ್ವಕ್ಕೆ ಹಾಕಿದ ಎಲ್ಲೆಯನ್ನು ಜಾತಿ ತನಗೆ ಬೇಕಾದಂತೆ ಬಳಸಿಕೊಂಡಿತು. ಇದನ್ನು ಅಲ್ಲಗಳೆಯುವಂತಿಲ್ಲ. ಪ್ರಸಾರ ಈ ಎಲ್ಲೆಯನ್ನು ಮುರಿದಷ್ಟರ ಮಟ್ಟಿಗೆ ಅದು ಒಳ್ಳೆಯ ಕೆಲಸವನ್ನೇ ಮಾಡಿತು.

ಆದರೆ ಹಾಗೆ ಕಂಡವರು ಕಂಡದ್ದಕ್ಕೇ ತೃಪ್ತರಾದರೇ? 1988ರಲ್ಲಿ ಧಾರಾವಾಹಿ ಪಟ್ಟಾಭಿಷೇಕದೊಂದಿಗೆ ಮುಗಿಯಲಿದೆ ಎಂದು ತಿಳಿದಾಗ ಉತ್ತರ ಭಾರತದ ಹಲವು ನಗರಗಳಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಬೀದಿಗಳಲ್ಲಿ ಕಸ ರಾಶಿ ಬಿತ್ತು. ಅವರಲ್ಲಿ ಬಹಳ ಜನ ವಾಲ್ಮೀಕಿಯನ್ನು ತಮ್ಮ ಗುರುವೆಂದು ಪೂಜಿಸುವವರು. ಉತ್ತರಕಾಂಡವಿಲ್ಲದೆ, ಸೀತೆಗೆ ಆಶ್ರಯ ಕೊಟ್ಟು ಲವಕುಶರನ್ನು ಬೆಳೆಸಿದ ವಾಲ್ಮೀಕಿ ತೆರೆಗೆ ಬರದೆ, ರಾಮಾಯಣ ಮುಗಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಸರ್ಕಾರ ಮಣಿಯಿತು, ಅಕ್ಟೋಬರಿನಲ್ಲಿ ಉತ್ತರ ರಾಮಾಯಣ ಆರಂಭವಾಯಿತು. ಈ ಮುಷ್ಕರವನ್ನು ಧಾರಾವಾಹಿಯ ಹುಚ್ಚು ಎಂದು ಬರೆದವರಿದ್ದಾರೆ. ನನಗೆ ಅದು ಆ ಎರಡು ವರ್ಷಗಳ ಅತ್ಯಂತ ಶುದ್ಧವಾದ ಧಾರ್ಮಿಕ ಕ್ರಿಯೆ. ಪ್ರತಿಷ್ಠೆಯ ಸಮಯದಲ್ಲಿ ವಿಗ್ರಹಕ್ಕೆ ಕಣ್ಣು ತೆರೆಸುವುದು ದೇವರೂ ನಮ್ಮನ್ನು ನೋಡಲಿ ಎಂದು. ನೋಡಿದ್ದು ಸಾಕು, ಇನ್ನು ನಮ್ಮನ್ನೂ ನೋಡು ಎಂದು ಆ ಕಾರ್ಮಿಕರು ಕೇಳಿದರು, ತಮ್ಮ ರಾಮಾಯಣವನ್ನು ಕೇಳಿ ಪಡೆದರು.

ಒಂದು ಸಮುದಾಯ ಕೆಲಸ ನಿಲ್ಲಿಸಿ ಕೇಳಿದಾಗ ತೆರೆದ ಬಾಗಿಲನ್ನು ಯಾರೂ ಕೇಳದೆಯೂ ತೆರೆದಿಡುವ ಸಾಮರ್ಥ್ಯ ದೂರದರ್ಶನಕ್ಕೆ ಆಗ ಇತ್ತು. ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಅದಕ್ಕೆ ಕೇಂದ್ರಗಳಿದ್ದವು, ಪ್ರತಿಯೊಂದು ಭಾಷೆಗೂ ಅದರದೇ ರಾಮಾಯಣವಿತ್ತು, ಹಾಡುವವರೂ ಆಡುವವರೂ ಬದುಕಿದ್ದರು. ಸಾಗರ್ ಅವರ ಪಟ್ಟಾಭಿಷೇಕದ ಮರುವಾರ ನಾಗಚಂದ್ರನ ರಾಮ, ಅದಾದ ಮೇಲೆ ಕಂಬನ ರಾಮ, ತೊರವೆಯ ರಾಮ, ಸಂತಾಲರ ರಾಮ, ಪ್ರತಿಸಲವೂ ಬೇರೆ ನಟ, ಬೇರೆ ಮುಖ ಬಂದಿದ್ದರೆ, ಮನೆಮನೆಯಲ್ಲಿ ಜನ ತಾವಾಗಿ ಮಾಡುತ್ತಿದ್ದ ವಿಸರ್ಜನೆಯನ್ನು ವಾಹಿನಿಯೂ ಮಾಡಿದಂತಾಗುತ್ತಿತ್ತು. ಅದು 2020ರಲ್ಲೂ ಸಾಧ್ಯವಿತ್ತು, ಇಂದಿಗೂ ಸಾಧ್ಯವಿದೆ.