ಏರಿ ಬಂದವನ ಮಾತು, ಏರದವನ ಮಾತು

‘ದೂರದ ಗುಡ್ಡ ಕಣ್ಣಿಗೆ ನುಣ್ಣಗ.’ ಕಲಬುರಗಿ ಸೀಮೆಯ ರಾವೂರ, ವಾಡಿ, ಶಹಾಬಾದದ ಕಡೆ ಈ ಗಾದೆ ಕೇಳಿದರೆ ಸ್ವಲ್ಪ ನಗು ಬರುತ್ತದೆ. ಇಲ್ಲಿ ನುಣುಪು ಇರುವುದು ಕಾಲ ಕೆಳಗೆ. ಮೇಲ್ಮಣ್ಣು ತೆಗೆದರೆ ಸುಣ್ಣದಕಲ್ಲು ಪದರಪದರವಾಗಿ ಮಲಗಿದೆ. ಉಳಿ ಇಟ್ಟು ಹೊಡೆದು ಹಾರೆಯಿಂದ ಮೀಟಿದರೆ ಪರಸಿ ಪಾಲಿಶ್‌ಗೆ ಮೊದಲೇ ಸಪಾಟಾಗಿ ಏಳುತ್ತದೆ. ಒರಟಾಗಿರುವುದು ಅದನ್ನು ಎತ್ತುವ ಅಂಗೈ.

ಆದರೂ ಗಾದೆ ಇಲ್ಲಿ ಚೆನ್ನಾಗಿ ಓಡುತ್ತದೆ. 1948ರ ಸೆಪ್ಟೆಂಬರ್ 17ರ ವಿಮೋಚನೆ ದೂರದಿಂದ ನುಣ್ಣಗೆ ಕಂಡ ಒಂದು ಗುಡ್ಡ, 1956ರ ಏಕೀಕರಣ ಇನ್ನೊಂದು. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಆಮೇಲೆ ಚಿಂಚೋಳಿಯ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಸಂವಿಧಾನ ಸೇರಿತು. ಮೀಸಲಾತಿ ಬಂತು, ಸೀಟು ಸಿಕ್ಕವು. ಖಾಲಿ ಹುದ್ದೆ ತುಂಬಿ ಎಂಬ ಕೂಗು ಮಾತ್ರ ನಿಂತಿಲ್ಲ.

ಈ ಗಾದೆ ಎರಡು ಬಾಯಿಂದ ಬರುತ್ತದೆ. ಹೋರಾಟಕ್ಕೆ ಹೋಗಿ, ಲಾಠಿ ತಿಂದು, ಜೊತೆಗಾರರೇ ಸಣ್ಣವರಾದದ್ದನ್ನು ಕಂಡು ಮರಳಿದವನು ಹೇಳಿದರೆ ಅದರಲ್ಲಿ ದಾರಿಯ ಲೆಕ್ಕವಿರುತ್ತದೆ: ಎಲ್ಲಿ ಜಾರುತ್ತದೆ, ಯಾರು ಕೈ ಬಿಡುತ್ತಾರೆ. ಅವನು ನಂಬಿಕೆ ಕಳೆದುಕೊಂಡವನು. ಕಟ್ಟೆ ಬಿಟ್ಟು ಏಳದವನೂ ಅದೇ ಮಾತು ಹೇಳುತ್ತಾನೆ, ಇನ್ನೂ ಖಚಿತವಾಗಿ. ಇವನಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ನಮ್ಮಲ್ಲಿ ಜಾಣನೆಂಬ ಹೆಸರು ಹೆಚ್ಚಾಗಿ ಇವನಿಗೇ. ನನಗೆ ಇವನ ಮೇಲೆ ಸಿಟ್ಟಿದೆ.

2019ರಲ್ಲಿ ಈ ಸೀಮೆಗೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು. ಸಂಭ್ರಮದಲ್ಲಿ ಶರಣರ ಆ ಹಳೆಯ ಕಲ್ಯಾಣ ಒಡೆದದ್ದನ್ನು ಯಾರೂ ನೆನೆಯಲಿಲ್ಲ. ಹರಳಯ್ಯ, ಮಧುವಯ್ಯರ ಮನೆಗಳ ನಡುವಿನ ಜಾತಿ ಮೀರಿದ ಮದುವೆಗೆ ಶಿಕ್ಷೆಯಾಯಿತು, ಶರಣರು ಚದುರಿದರು, ಚೆನ್ನಬಸವಣ್ಣ ಉಳವಿಯ ದಾರಿ ಹಿಡಿದ. ಗುಡ್ಡದ ಮುಳ್ಳು ಅವರಷ್ಟು ಬಲ್ಲವರು ಯಾರು? ಆದರೂ ಓಡುವಾಗ ವಚನದ ಕಟ್ಟುಗಳನ್ನು ಹೊತ್ತೇ ಹೋದರೆನ್ನುತ್ತದೆ ಪರಂಪರೆ. ಗುಡ್ಡ ನುಣ್ಣಗಿಲ್ಲ ಎಂದು ತಿಳಿದದ್ದಕ್ಕೆ ಗುಡ್ಡವೇ ಇಲ್ಲ ಅನ್ನಲಿಲ್ಲ. ಗಾದೆಯೂ ಅಷ್ಟು ಅಂದಿಲ್ಲ. ಅದು ತಪ್ಪು ಹೊರಿಸಿದ್ದು ದೂರದ ಮೇಲೆ.

ಇಂದಿಗೂ ಚಿತ್ತಾಪುರ ಕಡೆಯ ಹುಡುಗರು 371ಜೆ ಪ್ರಮಾಣಪತ್ರಕ್ಕೆಂದು ಕಾಗದದ ಕಟ್ಟು ಹಿಡಿದು ಸೇಡಂನ ಸಹಾಯಕ ಆಯುಕ್ತರ ಕಚೇರಿಗೆ ಹೊರಡುತ್ತಾರೆ. ‘ಎಲ್ಲಾ ದೂರದ ಗುಡ್ಡ ತಮ್ಮಾ’ ಅನ್ನುತ್ತದೆ ಕಟ್ಟೆ. ಅಂಥ ಹೊತ್ತಲ್ಲಿ ಒಬ್ಬನಾದರೂ ತಿರುಗಿ ಕೇಳಬೇಕು: ‘ನೀ ಹೋಗಿ ನೋಡಿ ಬಂದೀ ಏನ್ ಕಾಕಾ?’