ಕೆಲಸ ಮುಗಿದ ಮೇಲಿನ ಹೊಣೆ

2025ರ ಜುಲೈ ತಿಂಗಳಲ್ಲಿ ಧಾರವಾಡದ ವಿಜ್ಞಾನಿಗಳು ಕಳುಹಿಸಿದ ಹೆಸರುಕಾಳು ಮತ್ತು ಮೆಂತೆಕಾಳು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಮೊಳಕೆಯೊಡೆದವು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ ಅವರು ರೂಪಿಸಿದ ಈ ಪ್ರಯೋಗವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಸಿಕೊಟ್ಟವರು ಗಗನಯಾತ್ರಿ ಶುಭಾಂಶು ಶುಕ್ಲಾ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತೆಸೊಪ್ಪು ತಿನ್ನುವ, ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ನಮ್ಮ ಕಡೆಯ ಜನರಿಗೆ ಆ ಸುದ್ದಿ ತಂದ ಹಿಗ್ಗು ಸಣ್ಣದಲ್ಲ. ಆದರೆ ಆ ಕಾಳುಗಳು ಕಣ್ಣುಬಿಟ್ಟ ಮನೆಯನ್ನು ಕೆಡವುವ ತೀರ್ಮಾನ ಅದಕ್ಕೂ ಮೊದಲೇ ಆಗಿತ್ತೆಂಬ ವಿಷಯ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಈ ನಿಲ್ದಾಣದ ಮೊದಲ ಭಾಗ ಆಕಾಶಕ್ಕೇರಿದ್ದು 1998ರಲ್ಲಿ. 2000ದ ನವೆಂಬರ್ 2ರಿಂದ ಅದು ಒಂದು ದಿನವೂ ಖಾಲಿ ಬಿದ್ದಿಲ್ಲ. ಸುಮಾರು 420 ಟನ್ ತೂಕದ ಈ ಮನೆಯನ್ನು ಅಮೆರಿಕ, ರಷ್ಯಾ, ಯುರೋಪು, ಜಪಾನ್, ಕೆನಡಾ ಸೇರಿ ಕಟ್ಟಿದವು. ನೆಲದ ಮೇಲೆ ಜಗಳವಾಡುವ ದೇಶಗಳ ಜನರು ಅಲ್ಲಿ ಒಂದೇ ಗಾಳಿ ಉಸಿರಾಡಿದ್ದಾರೆ. ದಿನಕ್ಕೆ ಹದಿನಾರು ಬಾರಿ ಸೂರ್ಯನ ಕಾವಿಗೂ ಕತ್ತಲಿನ ಚಳಿಗೂ ಸಿಕ್ಕಿ ಹಿಗ್ಗಿ ಕುಗ್ಗುವ ಲೋಹ ಈಗ ದಣಿದಿದೆ. ರಷ್ಯಾದ ಭಾಗದಲ್ಲಿ ಗಾಳಿ ಸೋರಿಕೆಯೂ ಕಂಡಿದೆ. 2030ರವರೆಗೆ ಬಳಸಿ, ನಂತರ ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಬೀಳಿಸುವುದು ನಾಸಾ ಪ್ರಕಟಿಸಿದ ಯೋಜನೆ. ಅದನ್ನು ಕೆಳಗೆ ತಳ್ಳುವ ನೌಕೆಯನ್ನು ಕಟ್ಟಲು 2024ರ ಜೂನ್‌ನಲ್ಲಿ ಸ್ಪೇಸ್‌ಎಕ್ಸ್ ಕಂಪೆನಿಗೆ 84.3 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಡಲಾಯಿತು. ದಿನಾಂಕ ಮುಂದೆ ಹೋಗಬಹುದು. ಆದರೆ ಕೆಲಸ ಮುಗಿದ ವಸ್ತುವಿನ ಬಗ್ಗೆ ಅದನ್ನು ಮಾಡಿದವನ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಮುಂದೆ ಹಾಕಲಾಗದು.

ಇಷ್ಟು ದೊಡ್ಡ ಸಾಧನೆಯನ್ನು ಸಮುದ್ರಕ್ಕೆಸೆಯುವುದೇ, ಸ್ಮಾರಕವಾಗಿ ಉಳಿಸಬಾರದೇ ಎಂದು ಮನಸ್ಸು ಮೊದಲು ಕೇಳುತ್ತದೆ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಓಟ ಮುಗಿಸಿದ ಇಂಜಿನ್ನು, ಡಬ್ಬಿಗಳನ್ನು ಮಕ್ಕಳು ಮುಟ್ಟಿ ನೋಡುತ್ತಾರೆ. ಆದರೆ ಇಂಜಿನ್ನು ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಬಣ್ಣ ಬಳಿದು ಬೇಲಿ ಹಾಕಿದರೆ ಸಾಕು. 400 ಕಿಲೋಮೀಟರ್ ಎತ್ತರದಲ್ಲಿ ಯಾವುದೂ ಸುಮ್ಮನೆ ನಿಲ್ಲುವುದಿಲ್ಲ. ಅಲ್ಲಿರುವ ತೆಳ್ಳನೆಯ ಗಾಳಿಯೂ ನಿಲ್ದಾಣವನ್ನು ಸದಾ ಕೆಳಗೆಳೆಯುತ್ತದೆ. ಆಗಾಗ ಇಂಧನ ಉರಿಸಿ ಮೇಲೆತ್ತುತ್ತಲೇ ಇರಬೇಕು.

ಹಾಗಾದರೆ ಇನ್ನೂ ಎತ್ತರಕ್ಕೆ ಒಯ್ದು ಬಿಡಬಹುದಲ್ಲ? ಅದಕ್ಕೆ ಟನ್ನುಗಟ್ಟಲೆ ಇಂಧನ ಬೇಕು. ಒಯ್ದರೂ ಅಲ್ಲಿ ಗಂಟೆಗೆ 25,000 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಚೂರುಪಾರುಗಳು ಸುತ್ತುತ್ತಿವೆ. ನೋಡುವವರಿಲ್ಲದ ಆ ಮನೆಗೆ ಒಂದು ದೊಡ್ಡ ಚೂರು ಬಡಿದರೆ ಅದೇ ಸಾವಿರಾರು ಚೂರಾಗಿ ಬೇರೆ ಉಪಗ್ರಹಗಳನ್ನು ಒಡೆಯಬಹುದು. ನಮ್ಮ ಕಣ್ಣಿಂದ ದೂರವಾದದ್ದು ಮೊಮ್ಮಕ್ಕಳ ತಲೆಯ ಮೇಲೆ ಉಳಿಯುತ್ತದೆ. ಬಿಚ್ಚಿ ತರೋಣವೆಂದರೆ, ಅಂಥ ದೊಡ್ಡ ಭಾಗಗಳನ್ನು ಹೊತ್ತು ಇಳಿಯಬಲ್ಲ ಅಮೆರಿಕದ ಬಾಹ್ಯಾಕಾಶ ಷಟಲ್‌ಗಳು 2011ರಲ್ಲೇ ನಿವೃತ್ತವಾದವು. ಗುಜರಿ ವ್ಯಾಪಾರಿಗಳಿಗೆ ಗೊತ್ತಿರುವ ಮಾತೇ ಇದು: ಬಿಚ್ಚುವುದಕ್ಕಿಂತ ಸಾಗಿಸುವುದೇ ಭಾರ.

ಏನೂ ಮಾಡದೆ ಬಿಟ್ಟರೆ? ಅದರ ಉತ್ತರ 1979ರಲ್ಲೇ ಸಿಕ್ಕಿತು. ಅಮೆರಿಕದ ಸ್ಕೈಲ್ಯಾಬ್ ತನ್ನಷ್ಟಕ್ಕೆ ಕೆಳಗಿಳಿಯತೊಡಗಿದಾಗ ಎಲ್ಲಿ ಬೀಳುತ್ತದೆಂದು ಯಾರೂ ಖಚಿತವಾಗಿ ಹೇಳಲಾರದವರಾದರು. ಆ ಜುಲೈಯ ಭಯವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಸ್ಕೈಲ್ಯಾಬ್ ಎಂದರೇನೆಂದೇ ತಿಳಿಯದವರು ಅದರ ಸಾವಿಗೆ ಹೆದರಿ ಆಕಾಶ ನೋಡುತ್ತ ಕೂತರು. ಕೊನೆಗೆ ಜುಲೈ 11ರಂದು ಅದರ ಚೂರುಗಳು ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರೆನ್ಸ್ ಸುತ್ತಮುತ್ತ ಬಿದ್ದವು. ಅಲ್ಲಿನ ಸ್ಥಳೀಯ ಆಡಳಿತ ಕಸ ಎಸೆದ ತಪ್ಪಿಗೆ ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ತಮಾಷೆಗೆ ಹಾಕಿದ ದಂಡವೇ ಇರಬಹುದು. ಆದರೆ ಅದನ್ನು ನಾಸಾ ಕಟ್ಟಲಿಲ್ಲ. ಮೂವತ್ತು ವರ್ಷಗಳ ಮೇಲೆ 2009ರಲ್ಲಿ ಅಮೆರಿಕದ ಒಬ್ಬ ರೇಡಿಯೋ ನಿರೂಪಕ ತನ್ನ ಕೇಳುಗರಿಂದ ಹಣ ಕೂಡಿಸಿ ಕಟ್ಟಿದ. ಲಾಭ ಪಡೆದವರೊಬ್ಬರು, ಹೆದರಿದವರಿನ್ನೊಬ್ಬರು, ದಂಡ ತೆತ್ತವರು ಮತ್ತೊಬ್ಬರು. ಅನ್ಯಾಯದ ಇಡೀ ನಕ್ಷೆ ಈ ಸಣ್ಣ ಕಥೆಯಲ್ಲಿದೆ.

ಆದ್ದರಿಂದ ಉಳಿದದ್ದು ಸಮುದ್ರ. ಎಲ್ಲ ದಿಕ್ಕಿನ ನೆಲದಿಂದಲೂ ಸುಮಾರು 2,700 ಕಿಲೋಮೀಟರ್ ದೂರವಿರುವ ಪಾಯಿಂಟ್ ನೀಮೋ ಎಂಬ ಬಿಂದುವಿನ ಸುತ್ತಲಿನ ಪೆಸಿಫಿಕ್ ನೀರು ಬಹಳ ಕಾಲದಿಂದ ಗಗನನೌಕೆಗಳ ಸ್ಮಶಾನವಾಗಿದೆ. ರಷ್ಯಾದ ಮೀರ್ ನಿಲ್ದಾಣವನ್ನೂ 2001ರ ಮಾರ್ಚ್ 23ರಂದು ದಕ್ಷಿಣ ಪೆಸಿಫಿಕ್‌ನಲ್ಲೇ ಇಳಿಸಿದರು. ಇರುವ ದಾರಿಗಳಲ್ಲಿ ಜೀವಹಾನಿಯ ಭಯ ಅತಿ ಕಡಿಮೆ ಇರುವುದು ಇದರಲ್ಲೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಡಿಮೆ ಕೇಡಿನದು ಎಂಬುದಕ್ಕೂ ಕೇಡಿಲ್ಲದ್ದು ಎಂಬುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಮರೆತಲ್ಲೇ ಮನುಷ್ಯನ ನೈತಿಕ ಸೋಮಾರಿತನ ಆರಂಭವಾಗುತ್ತದೆ.

1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಆಕಾಶದಿಂದ ಬಿದ್ದ ವಸ್ತು ನೆಲದ ಮೇಲೆ ಹಾನಿ ಮಾಡಿದರೆ ಅದನ್ನು ಹಾರಿಸಿದ ದೇಶವೇ ಹೊಣೆ. 1978ರಲ್ಲಿ ಸೋವಿಯತ್ ಒಕ್ಕೂಟದ ಅಣುಶಕ್ತಿಯ ಉಪಗ್ರಹವೊಂದು ಕೆನಡಾದ ಮೇಲೆ ಚೆಲ್ಲಿದಾಗ ಸೋವಿಯತ್ ಸರಕಾರ 30 ಲಕ್ಷ ಕೆನಡಿಯನ್ ಡಾಲರ್ ಕೊಟ್ಟಿತು. ಕೇಳಲು ಕೆನಡಾ ಇತ್ತು, ಕೇಳಿತು. ಯಾರಿಗೂ ಸೇರದ ಸಮುದ್ರದ ಪರವಾಗಿ ಅರ್ಜಿ ಹಾಕುವವರು ಯಾರು? ಇನ್ನು ಉರಿದುಹೋದ ಭಾಗ ಇಲ್ಲವಾಯಿತೆಂಬ ಸಮಾಧಾನವೂ ಪೂರ್ತಿ ನಿಜವಲ್ಲ. ವಾಯುಮಂಡಲದ ಮೇಲ್ಪದರದ ಕಣಗಳಲ್ಲಿ ಉರಿದ ನೌಕೆಗಳ ಅಲ್ಯುಮಿನಿಯಂ ಮುಂತಾದ ಲೋಹಗಳು ಸೇರಿವೆಯೆಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. 2021ರಲ್ಲಿ ಇದೇ ನಿಲ್ದಾಣದಿಂದ ಎಸೆದ ಹಳೆಯ ಬ್ಯಾಟರಿಗಳ ಹೊರೆ ಪೂರ್ತಿ ಸುಟ್ಟುಹೋಗುತ್ತದೆಂದು ಲೆಕ್ಕ ಹಾಕಿದ್ದರು. 2024ರ ಮಾರ್ಚ್‌ನಲ್ಲಿ ಅದರ ಒಂದು ತುಂಡು ಫ್ಲಾರಿಡಾದ ಮನೆಯೊಂದರ ಮಾಳಿಗೆ ತೂತುಮಾಡಿ ಒಳಗೆ ಬಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಹಡಗುಗಳ ಎಣ್ಣೆ, ಪ್ಲಾಸ್ಟಿಕ್, ಕಾರ್ಖಾನೆಗಳ ಕೊಳೆಯನ್ನೆಲ್ಲ ನುಂಗುತ್ತಿರುವ ಸಾಗರಕ್ಕೆ ಈ ಕೆಲವು ನೂರು ಟನ್ ಯಾವ ಲೆಕ್ಕ? ತೂಕದಲ್ಲಿ ಇದು ನಿಜ. ಆದರೆ ನಮ್ಮ ಉಣಕಲ್ ನಾಲೆಗೆ ರಾತ್ರಿ ಒಂದು ಚೀಲ ಕಸ ಎಸೆದು ಹೋಗುವವನ ವಾದವೂ ಇದೇ ಅಲ್ಲವೇ? ಇಷ್ಟೊಂದು ಹೊಲಸಿನಲ್ಲಿ ನನ್ನದೊಂದು ಚೀಲ ಎಷ್ಟರದು ಎಂದೇ ಅವನೂ ಕೇಳುತ್ತಾನೆ. ಹಾನಿ ಸಣ್ಣದಾದರೆ ಶಿಕ್ಷೆ ಸಣ್ಣದಾಗಬಹುದು. ಹೊಣೆ ಬೇರೆಯವರಿಗೆ ವರ್ಗವಾಗುವುದಿಲ್ಲ.

ಹೊಣೆ ಹೊರುವುದು ಸಾಧ್ಯವೆಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ನಿಂತವು. ದೇಹ ಮಾತ್ರ 1992ರವರೆಗೆ ಸುತ್ತುತ್ತಲೇ ಇತ್ತು. ಅಂದು ಜಗತ್ತಿನಲ್ಲೇ ಆ ಚಿಂತೆ ಹೆಚ್ಚು ಇರಲಿಲ್ಲ. 2011ರಲ್ಲಿ ಭಾರತ-ಫ್ರಾನ್ಸ್ ಸೇರಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ಕಥೆ ಬೇರೆ. ಕೆಲಸ ಮುಗಿದಾಗ ಸುಮ್ಮನೆ ಬಿಟ್ಟಿದ್ದರೆ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಮೇಲೇ ಇರುತ್ತಿತ್ತು. ಹೊಟ್ಟೆಯಲ್ಲಿ ಸುಮಾರು 125 ಕಿಲೋ ಇಂಧನವಿದ್ದುದರಿಂದ ಒಡೆಯುವ ಅಪಾಯವೂ ಇತ್ತು. ನಿಯಂತ್ರಿತವಾಗಿ ಇಳಿಸಬೇಕೆಂದು ಅದನ್ನು ಕಟ್ಟಿರಲೇ ಇಲ್ಲ. ಆದರೂ ಇಸ್ರೋದವರು ಅದೇ ಇಂಧನ ಬಳಸಿ ತಿಂಗಳುಗಟ್ಟಲೆ ಹಂತಹಂತವಾಗಿ ಕೆಳಗಿಳಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಮೇಲೆ ಅದರ ಬಾಳು ಮುಗಿಸಿದರು. ಹಾಗೆಂದು ನಾವು ಬೆನ್ನು ತಟ್ಟಿಕೊಂಡು ಕೂರುವಂತಿಲ್ಲ. 2019ರಲ್ಲಿ ಕ್ಷಿಪಣಿಯಿಂದ ನಮ್ಮದೇ ಉಪಗ್ರಹವನ್ನು ಒಡೆದು ನೂರಾರು ಚೂರು ಮಾಡಿದವರೂ ನಾವೇ. ಮಾಡುವ ಶಕ್ತಿ, ಒಡೆಯುವ ಶಕ್ತಿಗಳಿಗೆ ಸಿಗುವ ಚಪ್ಪಾಳೆ ಗುಡಿಸುವ ಕೆಲಸಕ್ಕೆ ಸಿಗುವುದಿಲ್ಲ.

ಉರ್ದುವಿನಿಂದ ಕನ್ನಡಕ್ಕೆ ಬಂದ ಒಂದು ಪದ ಇಲ್ಲಿ ನೆನಪಾಗುತ್ತದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು. ಕಾಯ್ದು ಹಾಗೆಯೇ ಮರಳಿಸಬೇಕಾದದ್ದು. ನಮ್ಮ ಕಚೇರಿಗಳ ಕನ್ನಡದಲ್ಲಿ ಅದೇ ಅಮಾನತಿಗೆ ಕೆಲಸದಿಂದ ತಾತ್ಕಾಲಿಕವಾಗಿ ನಿಲ್ಲಿಸಿ ಇಡುವುದು ಎಂಬ ಅರ್ಥ ಬಂದಿದೆ. ಭೂಮಿಯ ಸುತ್ತಲಿನ ಆಕಾಶವೂ ದೂರದ ಸಾಗರವೂ ಮೊದಲ ಅರ್ಥದಲ್ಲಿ ನಮಗೆ ಅಮಾನತು. ಅವುಗಳ ಮೇಲಿನ ನಮ್ಮ ಹೊಣೆಯನ್ನೋ ನಾವು ಎರಡನೆಯ ಅರ್ಥದಲ್ಲಿ ಅಮಾನತಿನಲ್ಲಿಟ್ಟಿದ್ದೇವೆ.

ಭಾರತವೂ ಈಗ ತನ್ನದೇ ಬಾಹ್ಯಾಕಾಶ ನಿಲ್ದಾಣ ಕಟ್ಟಲು ಹೊರಟಿದೆ. ಮೊದಲ ಭಾಗ 2028ರಲ್ಲಿ, ಪೂರ್ಣ ನಿಲ್ದಾಣ 2035ರೊಳಗೆ ಎಂಬುದು ಸರಕಾರದ ಗುರಿ. 2030ರ ವೇಳೆಗೆ ಭಾರತದ ಬಾಹ್ಯಾಕಾಶ ಯಾನಗಳೆಲ್ಲ ಕಸ ಉಳಿಸದಂತಿರಬೇಕೆಂದು ಇಸ್ರೋ 2024ರಲ್ಲಿ ಪ್ರಕಟಿಸಿರುವುದು ಸ್ವಾಗತಾರ್ಹ. ಈ ಮಾತು ನಿಲ್ದಾಣಕ್ಕೂ ಅನ್ವಯಿಸಬೇಕಾದರೆ ಅದನ್ನು ಇಳಿಸುವ ಬಗೆ ಮೊದಲ ನಕ್ಷೆಯಲ್ಲೇ ಇರಬೇಕು, ಇಳಿಸುವ ಖರ್ಚು ಮೊದಲ ಬಜೆಟ್ಟಿನಲ್ಲೇ ಇರಬೇಕು. ಯಾವ ನೀರಿಗೆ ಬೀಳಿಸುತ್ತೇವೋ ಆ ನೀರನ್ನು ನಂಬಿದ ದ್ವೀಪಗಳ ಜನರಿಗೆ ಮೊದಲೇ ತಿಳಿಸಿ ಅವರ ಮಾತನ್ನೂ ಕೇಳಬೇಕು. ಹಾರಿಸುವ ದಿನ ದೇಶವೆಲ್ಲ ಟಿವಿ ಮುಂದೆ ಕೂರುತ್ತದೆ. ಇಳಿಸುವ ದಿನ ಅದನ್ನು ಮಾಡಿದವರಾದರೂ ಹಾಜರಿರಬೇಕು.